ಪಕ್ಕದ ಮನೆ ಪಿಜಿ, ನಮ್ಮ ಗೇಟಿನ ಮುಂದೆ ಬೈಕು

ಬೆಂಗಳೂರಿನ 30×40 ಸೈಟಿನಲ್ಲಿ ಸ್ಟಿಲ್ಟ್ (ಗಾಡಿ ನಿಲ್ಲಿಸಲು ಕಂಬಗಳ ನಡುವೆ ತೆರೆದಿಟ್ಟ ಕೆಳ ಅಂತಸ್ತು) ಬಿಟ್ಟು ಮೇಲೆ ಮೂರು ಅಂತಸ್ತು ಎಬ್ಬಿಸಿದ ಒಂದು ಪಿಜಿಯ ಲೆಕ್ಕ ಹಾಕೋಣ. ಅಂತಸ್ತಿಗೆ ಐದು ರೂಮು, ಎಲ್ಲವೂ ಡಬಲ್ ಶೇರಿಂಗ್ ಎಂದರೆ 30 ಜನ. ಮೂವರಲ್ಲಿ ಒಬ್ಬರ ಹತ್ತಿರ ಬೈಕಿದ್ದರೂ 10 ಬೈಕು. ಸೈಟಿನ ಮುಂಭಾಗ 30 ಅಡಿ. ಅದರಲ್ಲಿ ಗೇಟು, ಮೆಟ್ಟಿಲಿಗೆ 10 ಅಡಿ ಹೋದರೆ ಉಳಿಯುವುದು 20. ಹ್ಯಾಂಡಲ್ ಅಗಲ ಲೆಕ್ಕ ಹಿಡಿದರೆ ಒಂದು ಬೈಕಿಗೆ ಎರಡೂವರೆ ಅಡಿ ಬೇಕು. ಎಂಟು ಬೈಕಿಗೆ ಜಾಗ ಮುಗಿಯಿತು. ಒಂಬತ್ತನೆಯದು ನಿಮ್ಮ ಕಾಂಪೌಂಡಿಗೆ ಬರುತ್ತದೆ, ಹತ್ತನೆಯದು ನಿಮ್ಮ ಗೇಟಿಗೆ. ಓನರಿನ ಕಾರು, ರಾತ್ರಿ ಊಟ ತರುವ ಡೆಲಿವರಿ ಹುಡುಗರು, ಶನಿವಾರ ಬರುವ ಸ್ನೇಹಿತರು ಈ ಲೆಕ್ಕದಲ್ಲಿ ಇಲ್ಲವೇ ಇಲ್ಲ. ಸ್ಟಿಲ್ಟ್ ಖಾಲಿ ಇದ್ದಿದ್ದರೆ ಇಷ್ಟೂ ಬೈಕು ಒಳಗೇ ನಿಲ್ಲುತ್ತಿದ್ದವು. ಆದರೆ ಅಲ್ಲಿ ಅಡುಗೆಮನೆ, ಊಟದ ಟೇಬಲ್ಲು, ವಾಷಿಂಗ್ ಮಷೀನು ಬಂದು ಕೂತಿರುತ್ತವೆ. ಜಗಳದ ಬೇರು ಸಾಮಾನ್ಯವಾಗಿ ಅಲ್ಲೇ ಇರುತ್ತದೆ, ಬೈಯಿಸಿಕೊಳ್ಳುವವನು ಮಾತ್ರ ಬೈಕಿನ ಹುಡುಗ.

ಈಗ ರಸ್ತೆ. 30 ಅಡಿ ರಸ್ತೆ ಎಂದು ಕಾಗದದಲ್ಲಿ ಇದ್ದರೂ ಎರಡು ಕಡೆಯ ಮೋರಿ, ಮರ, ರ‍್ಯಾಂಪು ಕಳೆದರೆ ಟಾರು ಸಿಗುವುದು ಸುಮಾರು 20 ಅಡಿ. ಅಡ್ಡಡ್ಡ ನಿಲ್ಲಿಸಿದ ಬೈಕು ಆರೂವರೆ ಅಡಿ ತಿನ್ನುತ್ತದೆ, ಎದುರುಗಡೆ ನಿಂತ ಕಾರು ಕನ್ನಡಿ ಸೇರಿ ಆರು ಅಡಿ. ಉಳಿದ ಏಳೂವರೆ ಅಡಿಯಲ್ಲಿ ಕಾರು ನೇರ ದಾಟಬಹುದು, ಆದರೆ ಗೇಟಿನೊಳಗೆ ತಿರುಗಿಸಲು ಆಗುವುದಿಲ್ಲ. ಎಂಟು ಅಡಿ ಅಗಲದ ನೀರಿನ ಟ್ಯಾಂಕರ್ ಆಗಲಿ ಅಗ್ನಿಶಾಮಕದ ಗಾಡಿಯಾಗಲಿ ಬರುವ ಹಾಗೇ ಇಲ್ಲ. ಮಾತಿಗೆ ಹೋಗುವ ಮೊದಲು ಟೇಪು ಹಿಡಿದು ಈ ಅಳತೆಗಳನ್ನು ಬರೆದುಕೊಳ್ಳಿ. ‘ತುಂಬಾ ತೊಂದರೆ ಆಗ್ತಿದೆ’ ಅನ್ನುವುದಕ್ಕಿಂತ ‘ಟ್ಯಾಂಕರ್‌ಗೆ ಅರ್ಧ ಅಡಿ ಸಾಲ್ತಿಲ್ಲ’ ಅನ್ನುವ ಮಾತಿಗೆ ತೂಕ ಹೆಚ್ಚು. ಟ್ಯಾಂಕರ್ ಪಿಜಿಗೂ ಬೇಕಲ್ಲ!

ಕಾನೂನಿನಲ್ಲಿ ಒಂದು ವಿಷಯ ಸ್ಪಷ್ಟವಾಗಿ ತಿಳಿದಿರಲಿ. ಗೇಟಿಗೆ ಅಡ್ಡ ನಿಲ್ಲಿಸುವುದು ತಪ್ಪು. ನಿಮ್ಮ ಕಾಂಪೌಂಡಿನ ಪಕ್ಕ ಸಾರ್ವಜನಿಕ ರಸ್ತೆಯಲ್ಲಿ ನಿಲ್ಲಿಸುವುದು, ಅಲ್ಲಿ ನೋ ಪಾರ್ಕಿಂಗ್ ಅಧಿಸೂಚನೆ ಇಲ್ಲದಿದ್ದರೆ ಮತ್ತು ಓಡಾಟಕ್ಕೆ ಅಡ್ಡಿಯಾಗದಿದ್ದರೆ, ತಪ್ಪಲ್ಲ. ಮನೆ ಮುಂದಿನ ರಸ್ತೆ ಮನೆಯವರದ್ದಲ್ಲ. ಹೂಕುಂಡ ಸಾಲಿಡುವುದು, ಸಿಮೆಂಟು ತುಂಬಿದ ಡಬ್ಬ, ಸರಪಳಿ, ಅಂಗಡಿ ಜಾಹೀರಾತಿರುವ ‘ನೋ ಪಾರ್ಕಿಂಗ್’ ಬೋರ್ಡು, ಇವೆಲ್ಲ ನಾವೇ ಮಾಡುವ ಒತ್ತುವರಿ. ದೂರು ಕೊಟ್ಟ ಮಾರನೇ ದಿನವೇ ಎದುರು ದೂರು ಬರುವುದು ಇದರ ಮೇಲೆ. ತನ್ನ ಎಲೆಯಲ್ಲಿ ಹೆಗ್ಗಣ ಬಿದ್ದಿರುವಾಗ ಪಕ್ಕದ ಎಲೆಯ ನೊಣ ತೋರಿಸಲು ಆಗುವುದಿಲ್ಲ. ಮೋರಿ ಮೇಲೆ ಚಾಚಿದ ನಿಮ್ಮ ರ‍್ಯಾಂಪನ್ನೂ ಒಮ್ಮೆ ನೋಡಿಕೊಳ್ಳಿ.

ಎರಡು ವಾರ ಒಂದು ಪುಸ್ತಕದಲ್ಲಿ ಬರೆಯಿರಿ: ತಾರೀಖು, ಸಮಯ, ಗಾಡಿ ನಂಬರು, ಎಷ್ಟು ಹೊತ್ತು ನಿಂತಿತ್ತು. ಫೋಟೊ ತೆಗೆದರೆ ನಂಬರ್ ಪ್ಲೇಟು ಮತ್ತು ನಿಮ್ಮ ಗೇಟು ಒಂದೇ ಚಿತ್ರದಲ್ಲಿ ಬರಬೇಕು. ಬರೀ ಪ್ಲೇಟಿನ ಫೋಟೊ ಯಾವ ಕೆಲಸಕ್ಕೂ ಬಾರದು. ‘ಎಲ್ಲರೂ ಹೀಗೇ’ ಅನ್ನಿಸಿದ್ದು ಎಷ್ಟೋ ಸಲ ಅದೇ ಮೂರು ನಾಲ್ಕು ಗಾಡಿಗಳಾಗಿರುತ್ತವೆ. ಅದರಲ್ಲೊಂದು ಪಿಜಿಯದ್ದೇ ಅಲ್ಲ, ಮೂರನೇ ಮನೆಯವರ ಎರಡನೇ ಕಾರು ಎಂದು ಗೊತ್ತಾಗುವುದೂ ಉಂಟು. ನಂಬರು ಹಾಕಿ ಸರ್ಕಾರದ ಎಂಪರಿವಾಹನ್ ಆ್ಯಪ್‌ನಲ್ಲಿ ಹುಡುಕಿದರೆ ಮಾಲೀಕರ ಹೆಸರು ಅರ್ಧ ಮುಚ್ಚಿರುತ್ತದೆ, ಫೋನ್ ನಂಬರು ಸಿಗುವುದಿಲ್ಲ. ಆದ್ದರಿಂದ ನಂಬರಿನ ಪಟ್ಟಿ ಪಿಜಿಯಿಂದಲೇ ಬರಬೇಕು.

ಯಾರ ಹತ್ತಿರ ಮಾತಾಡಬೇಕು ಅನ್ನುವಲ್ಲೇ ಬಹಳ ಜನ ಎಡವುತ್ತಾರೆ. ಬೋರ್ಡಿನ ಮೇಲಿರುವ ನಂಬರು ಹೆಚ್ಚಾಗಿ ಪಿಜಿ ನಡೆಸುವವರದ್ದು. ಕಟ್ಟಡದ ಮಾಲೀಕರು ಬೇರೆ, ಲೀಸಿಗೆ ಕೊಟ್ಟು ಇನ್ನೆಲ್ಲೋ ಇರುತ್ತಾರೆ. ದಿನನಿತ್ಯದ ವ್ಯವಸ್ಥೆ ನಡೆಸುವವರ ಕೈಲಿ, ಸ್ಟಿಲ್ಟ್ ಖಾಲಿ ಮಾಡಿಸುವ ಅಧಿಕಾರ ಮಾಲೀಕರ ಕೈಲಿ. ಇಬ್ಬರಿಗೂ ಒಂದೇ ವಾಟ್ಸಾಪ್ ಸಂದೇಶ ಕಳಿಸಿ, ಹೀಗೆ: ‘ಸಾರ್, ನಿಮ್ಮ ಪಿಜಿಯ ಈ ಮೂರು ಗಾಡಿಗಳು ಎರಡು ವಾರದಲ್ಲಿ ಒಂಬತ್ತು ಸಲ ನಮ್ಮ ಗೇಟಿಗೆ ಅಡ್ಡ ನಿಂತಿವೆ. ಫೋಟೊ ಕಳಿಸಿದ್ದೇನೆ. ಭಾನುವಾರ ಬೆಳಗ್ಗೆ ಹತ್ತು ನಿಮಿಷ ಸಿಗ್ತೀರಾ?’ ರಾತ್ರಿ ಹನ್ನೊಂದಕ್ಕೆ ಕೇರ್‌ಟೇಕರ್ ಮೇಲೆ ಕೂಗಾಡಿ ಪ್ರಯೋಜನವಿಲ್ಲ. ಆತನಿಗೆ ಸಂಬಳ ಕಡಿಮೆ, ಅಧಿಕಾರ ಇನ್ನೂ ಕಡಿಮೆ.

ಭೇಟಿಯಲ್ಲಿ ‘ಪಾರ್ಕಿಂಗ್ ಸರಿ ಮಾಡಿ’ ಅನ್ನಬೇಡಿ, ಅದಕ್ಕೆ ‘ಆಯ್ತು ಸಾರ್’ ಅನ್ನುವ ಉತ್ತರ ಸಿದ್ಧವಿದೆ. ಕೇಳಬೇಕಾದ್ದು ಸಣ್ಣ ಸಣ್ಣ ಕೆಲಸಗಳು. ಗೇಟಿನ ಎರಡೂ ಬದಿಗೆ ಮೂರು ಮೂರು ಅಡಿ ಖಾಲಿ ಬಿಡಬೇಕು. ತಿರುಗಿಸಲು ಬೇಕಾಗುವುದು ಆ ಮೂರು ಅಡಿಯೇ. ರೂಮು ಕೊಡುವಾಗಲೇ ಗಾಡಿ ನಂಬರು, ಫೋನ್ ನಂಬರು ಬರೆಸಿಕೊಂಡು, ರೂಮ್ ನಂಬರಿರುವ ಸ್ಟಿಕ್ಕರ್ ಅಂಟಿಸಬೇಕು. ಬೈಕುಗಳನ್ನು ಎರಡು ಸಾಲಿನಲ್ಲಿ ನಿಲ್ಲಿಸುವುದಾದರೆ ರಸ್ತೆ ಬದಿಯ ಸಾಲಿನವರು ಹ್ಯಾಂಡಲ್ ಲಾಕ್ ಹಾಕಬಾರದು, ಆಗ ಯಾರು ಬೇಕಾದರೂ ಸರಿಸಬಹುದು. ಕಳ್ಳತನದ ಭಯಕ್ಕೆ ಡಿಸ್ಕ್ ಲಾಕ್ ಹಾಕಿದರೂ ಗಾಡಿ ಜರುಗುವುದಿಲ್ಲ. ಅದಕ್ಕೆ ಉತ್ತರ ಪಿಜಿಯ ಸಿಸಿಟಿವಿಯನ್ನು ಬೈಕುಗಳ ಕಡೆ ತಿರುಗಿಸುವುದು. ಆಗಸ್ಟ್ 2024ರಲ್ಲಿ ಪಾಲಿಕೆ ಹೊರಡಿಸಿದ ಪಿಜಿ ಮಾರ್ಗಸೂಚಿಯಲ್ಲಿ ಸಿಸಿಟಿವಿ ಕಡ್ಡಾಯ, ಒಬ್ಬರಿಗೆ ಕನಿಷ್ಠ 70 ಚದರ ಅಡಿ ಜಾಗ, ದಿನಕ್ಕೆ 135 ಲೀಟರ್ ನೀರು ಎಂದೆಲ್ಲ ಇದೆ. ಆ 70 ಚದರ ಅಡಿಯ ಲೆಕ್ಕ ಸರಿಯಾಗಿ ಹಿಡಿದರೆ ಎಷ್ಟೋ ಪಿಜಿಗಳಲ್ಲಿ ಮಂಚಗಳೂ ಕಡಿಮೆಯಾಗುತ್ತವೆ, ಜೊತೆಗೆ ಬೈಕುಗಳೂ.

ಮಾತು ನಡೆಯದಿದ್ದರೆ ದೂರು ಸರಿಯಾದ ಬಾಗಿಲಿಗೆ ಹೋಗಬೇಕು. ಗಾಡಿಯ ವಿಷಯ ಸಂಚಾರ ಪೊಲೀಸ್ ಠಾಣೆಗೆ. ಕಾನೂನು ಸುವ್ಯವಸ್ಥೆ ಠಾಣೆ ಬೇರೆ. ಬೆಂಗಳೂರು ಸಂಚಾರ ಪೊಲೀಸರ ಅಸ್ತ್ರಂ ಆ್ಯಪ್‌ನಲ್ಲೂ ಫೋಟೊ ಹಾಕಿ ದೂರು ಕೊಡಬಹುದು. ಆದರೆ ಚಲನ್ ಹೋಗುವುದು ಗಾಡಿಯ ಮಾಲೀಕರಿಗೆ, ಪಿಜಿ ಓನರಿಗಲ್ಲ. ಪಿಜಿ ಗಾಡಿಗಳಲ್ಲಿ ಅರ್ಧ ಆಂಧ್ರ, ತಮಿಳುನಾಡು, ಕೇರಳದ ನೋಂದಣಿ ಆಗಿದ್ದರೆ ಚಲನ್ ಊರಿನ ಅಪ್ಪನ ವಿಳಾಸಕ್ಕೆ ಹೋಗಿ ಕೂರುತ್ತದೆ, ಹುಡುಗನಿಗೆ ಗೊತ್ತೇ ಆಗುವುದಿಲ್ಲ. ದಿನಗಟ್ಟಲೆ ಅಲುಗಾಡದ ಕಾರಿಗೆ ಮೋಟಾರು ವಾಹನ ಕಾಯ್ದೆಯ 127ನೇ ಕಲಂ ಇದೆ: ಸಾರ್ವಜನಿಕ ಸ್ಥಳದಲ್ಲಿ 10 ಗಂಟೆ ಅಥವಾ ಹೆಚ್ಚು ಹೊತ್ತು ವಾರಸುದಾರರಿಲ್ಲದೆ ಬಿಟ್ಟಿದ್ದರೆ ಸಮವಸ್ತ್ರದಲ್ಲಿರುವ ಪೊಲೀಸರು ತೆಗೆಸಬಹುದು. ಅರ್ಜಿಯಲ್ಲಿ ಆ ಕಲಂ ಬರೆಯಿರಿ.

ಸ್ಟಿಲ್ಟ್ ಮುಚ್ಚಿದ್ದು, ಟ್ರೇಡ್ ಲೈಸೆನ್ಸ್ ಇಲ್ಲದ್ದು ಪಾಲಿಕೆಯ ವಿಷಯ. 1533ಕ್ಕೆ ಕರೆ ಮಾಡಿ ದೂರಿನ ಸಂಖ್ಯೆ ಪಡೆಯಿರಿ. ಸೆಪ್ಟೆಂಬರ್ 2025ರಿಂದ ನಗರ ಐದು ಪಾಲಿಕೆಗಳಾಗಿದೆ, ಹಾಗಾಗಿ ಲಿಖಿತ ದೂರಿನ ಮೇಲೆ ಹಳೆಯ ಬಿಬಿಎಂಪಿ ಹೆಸರು ಹಾಕದೆ ನಿಮ್ಮ ಮನೆ ಯಾವ ಪಾಲಿಕೆಗೆ ಬಂದಿದೆ ಎಂದು ನೋಡಿ ಬರೆಯಿರಿ. ಮಂಜೂರಾದ ನಕ್ಷೆಯಲ್ಲಿ ಪಾರ್ಕಿಂಗ್ ಎಷ್ಟು ತೋರಿಸಿದ್ದರು ಎಂದು ತಿಳಿಯಲು ಮಾಹಿತಿ ಹಕ್ಕಿನಲ್ಲಿ ಕೇಳಬಹುದು. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯದ ಮೇಲೆ, 150 ಪದ ಮೀರದಂತೆ ಇರಬೇಕು; ಉದ್ದನೆಯ ಗೋಳು ಬರೆದ ಅರ್ಜಿಗಳು ಇದೊಂದೇ ಕಾರಣಕ್ಕೆ ವಾಪಸ್ ಬರುತ್ತವೆ. ನಕ್ಷೆ ಬೇರೆಯವರ ಆಸ್ತಿಯದ್ದಾದ್ದರಿಂದ ಅವರಿಗೆ ನೋಟಿಸ್ ಹೋಗಬಹುದು, ಅಂದರೆ ನೀವು ಕೇಳಿದ್ದು ಗುಟ್ಟಾಗಿ ಉಳಿಯುವುದಿಲ್ಲ.

ಟೈರಿನ ಗಾಳಿ ಬಿಡುವುದು, ಸೀಟು ಕುಯ್ಯುವುದು ಬೇಡ. ಎದುರು ಮನೆಯ ಕ್ಯಾಮೆರಾದಲ್ಲಿ ಸಿಕ್ಕಿಬಿದ್ದರೆ ದೂರುದಾರರೇ ಆರೋಪಿ.

ನಿಮ್ಮ ಕಡೆಯಿಂದಲೂ ಆಗುವ ಕೆಲಸವಿದೆ. 10 ಅಡಿ ಗೇಟನ್ನು 12 ಅಡಿ ಮಾಡಿಸಿದರೆ ಎದುರಿಗೆ ಕಾರು ನಿಂತಿದ್ದರೂ ತಿರುಗಿಸುವುದು ಎಷ್ಟೋ ಸಲೀಸು. ಗೇಟು ಹೊರಗೆ ತೆರೆಯುತ್ತಿದ್ದರೆ ಸ್ಲೈಡಿಂಗ್ ಮಾಡಿಸಿ. ಬೀದಿಯವರೆಲ್ಲ ಸೇರಿ ಸಂಚಾರ ಠಾಣೆಗೆ ಅರ್ಜಿ ಕೊಟ್ಟು ಒಂದು ಬದಿ ಪಾರ್ಕಿಂಗ್ ಕೇಳುವುದು ಇನ್ನೂ ಗಟ್ಟಿ ದಾರಿ: ಸಮ ತಾರೀಖು ಈ ಕಡೆ, ಬೆಸ ತಾರೀಖು ಆ ಕಡೆ. ಆಗ 20 ಅಡಿ ಟಾರಿನಲ್ಲಿ ಹದಿಮೂರು ಹದಿನಾಲ್ಕು ಅಡಿ ಓಡಾಟಕ್ಕೆ ಸಿಗುತ್ತದೆ. ಆದರೆ ಬೀದಿಯ ಪಾರ್ಕಿಂಗ್ ಅರ್ಧಕ್ಕೆ ಇಳಿಯುತ್ತದೆ, ರಸ್ತೆಯಲ್ಲೇ ಕಾರು ಬಿಡುವ ನಮ್ಮವರೂ ರಾತ್ರಿ ಹನ್ನೆರಡಕ್ಕೆ ಕಡೆ ಬದಲಿಸಬೇಕಾಗುತ್ತದೆ. ಸಹಿ ಸಂಗ್ರಹಿಸುವಾಗ ಇದನ್ನು ಮೊದಲೇ ಹೇಳಿಬಿಡಿ. ಬೋರ್ಡು ನೆಟ್ಟ ಮೇಲೆ ಅದನ್ನು ಕೀಳಿಸಲು ಓಡಾಡುವವರು ಸಾಮಾನ್ಯವಾಗಿ ಪಿಜಿಯವರಲ್ಲ, ಇವರೇ.