ಗುರುವಾರ ಕರೆಂಟ್ ಹೋದಾಗ ಕೇಳಿದ ಸದ್ದು

ಭಾನುವಾರ ಸಂಜೆ ಪುಣೆಯ ಹಡಪಸರದ ಮನೆಗೆ ಬಂದು ಡಬ್ಬಿ ಬಿಚ್ಚಿ ನೋಡಿದರೆ ಹದಿನಾರು ಲಾವಕ್ಕಿ ತತ್ತಿಗಳಲ್ಲಿ ನಾಲ್ಕು ಒಡೆದಿದ್ದವು. ದಿವೆ ಘಾಟಿನ ಯಾವುದೋ ತಿರುವಿನಲ್ಲಿ ಸ್ಕೂಟರ್ ಜಿಗಿದಿತ್ತು, ಅಲ್ಲೇ ಆಗಿರಬೇಕು. ತತ್ತಿ ಕೊಟ್ಟ ಕಾಕಾಗೆ ಫೋನ್ ಮಾಡಿದೆ. "ಇರ್ಲಿ ಬಿಡವಾ, ನಾಳಿ ಆ ಕಡೆ ಹೊಂಟ ಗಾಡ್ಯಾಗ ನಾಕು ಕಳಸ್ತೀನಿ" ಅಂದರು. ಹಾಗೆ ನಾಲ್ಕು ತತ್ತಿ ಒಂದು ದಿನ ತಡವಾಗಿ ಕಾವಿಗೆ ಕೂತವು. ಮಗಳು ಅವುಗಳ ಮೇಲೆ ಪೆನ್ಸಿಲಿನಿಂದ ಗುರುತು ಹಾಕಿದಳು. ಆ ಗುರುತು ಇಲ್ಲದಿದ್ದರೆ ಇದನ್ನು ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ.

ಕಾಕಾ ಇಂಡಿ ಕಡೆಯವರು. ಕಟ್ಟಡದ ಕೆಲಸಕ್ಕೆ ಅಂತ ಪುಣೆಗೆ ಬಂದವರು, ಈಗ ಸಾಸವಡದ ಹತ್ತಿರ ಶೆಡ್ ಹಾಕಿ ಲಾವಕ್ಕಿ ಸಾಕುತ್ತಾರೆ. ಅವರ ಬಾಯಲ್ಲಿ ಅದು ಬುರ್ಲಿ. ಕೊಳ್ಳಲು ಬರುವ ಹೋಟೆಲಿನವರಿಗೆ ಬಟೇರ್. ಇದು ಜಪಾನೀ ಲಾವಕ್ಕಿ. 1974ರಲ್ಲಿ ಕ್ಯಾಲಿಫೋರ್ನಿಯಾದಿಂದ ಉತ್ತರ ಪ್ರದೇಶದ ಇಜ್ಜತ್‌ನಗರದ ಸಂಶೋಧನಾ ಸಂಸ್ಥೆಗೆ ಬಂದು, ಅಲ್ಲಿಂದ ದೇಶದ ತುಂಬ ಹಬ್ಬಿದ ಸಾಕು ಹಕ್ಕಿ. ಮಳೆ ಬಿದ್ದ ಮೇಲೆ ಸಾಸವಡದ ಹುಲ್ಲುಗಾವಲಿನಲ್ಲಿ ಕೂಗುತ್ತದಲ್ಲ, ಆ ಕಾಡು ಲಾವಕ್ಕಿ ಬೇರೆ. ಅದನ್ನು ಹಿಡಿಯುವುದು ಅಪರಾಧ. ಕಾಕಾ ಶೆಡ್ಡಿಗೆ ಬಂದವರಿಗೆಲ್ಲ ಇದನ್ನು ಒತ್ತಿ ಹೇಳುತ್ತಾರೆ.

ತತ್ತಿಗೆ ಕಾವು ಕೊಡಲು ಅವರದೇ ಹಳೆಯ ಥರ್ಮೋಕೋಲ್ ಇನ್‌ಕ್ಯುಬೇಟರ್ ತಂದಿದ್ದೆವು. ಒಳಗೆ ಒಂದು ಬಲ್ಬು, ಒಂದು ಪುಟ್ಟ ಫ್ಯಾನು, ಒಂದು ಬಟ್ಟಲು ನೀರು. ಶಾಖ 37.5 ಡಿಗ್ರಿ. ಮಗಳು ಹನ್ನೊಂದನೇ ಕ್ಲಾಸು, ಜೀವಶಾಸ್ತ್ರದ ಹುಚ್ಚು. ದಿನಕ್ಕೆ ಮೂರು ಸಲ ತತ್ತಿ ಹೊರಳಿಸುವ ಕೆಲಸ ಅವಳದು.

ಹೊರಳಿಸುವಾಗ ನಾನೂ ಪಕ್ಕದಲ್ಲಿ ಕೂರುತ್ತಿದ್ದೆ. ಒಂದೊಂದು ತತ್ತಿ ಸುಮಾರು 10 ಗ್ರಾಂ. ಮಾಸಲು ಮೈ ಮೇಲೆ ಕಾಡಿಗೆ ಹಚ್ಚಿದ ಬೆರಳು ಒರೆಸಿದ ಹಾಗೆ ಕಲೆಗಳು. ಕೆಲವಕ್ಕೆ ದೊಡ್ಡ ಮಚ್ಚೆ, ಕೆಲವಕ್ಕೆ ಸಾಸಿವೆ ಚೆಲ್ಲಿದಂಥ ಚುಕ್ಕೆ. ಒಂದು ಹೇಂಟೆಯ ತತ್ತಿಗಳೆಲ್ಲ ಹೆಚ್ಚುಕಡಿಮೆ ಒಂದೇ ನಮೂನೆ. ಸ್ಕಾಟ್ಲೆಂಡಿನ ಸೇಂಟ್ ಆಂಡ್ರ್ಯೂಸ್ ವಿಶ್ವವಿದ್ಯಾಲಯದವರು 2013ರಲ್ಲಿ ಇದರ ಬಗ್ಗೆ ಒಂದು ಚಂದದ ಸಂಗತಿ ತೋರಿಸಿದರು. ಬೇರೆ ಬೇರೆ ಬಣ್ಣದ ನೆಲ ಕೊಟ್ಟರೆ, ಲಾವಕ್ಕಿ ತನ್ನ ತತ್ತಿ ಸುಲಭವಾಗಿ ಕಣ್ಣಿಗೆ ಬೀಳದ ಕಡೆಯೇ ಇಡುತ್ತದಂತೆ. ತನ್ನ ತತ್ತಿ ಹೇಗಿದೆ ಅಂತ ಆ ಹಕ್ಕಿಗೆ ಗೊತ್ತು ಅಂದ ಹಾಗಾಯಿತು ಅಲ್ವಾ? ಓದಿದ ದಿನದಿಂದ ನನಗೆ ಕಾಕಾನ ಶೆಡ್ಡಿನ ಹಕ್ಕಿಗಳನ್ನು ಮೊದಲಿನ ಹಾಗೆ ನೋಡಲು ಆಗಿಲ್ಲ.

ಏಳನೆಯ ದಿನ ಕತ್ತಲಲ್ಲಿ ಮೊಬೈಲ್ ಟಾರ್ಚ್ ಹಿಡಿದು ನೋಡಿದೆವು. ಒಂದು ತತ್ತಿ ಬರಿದು, ತೆಗೆದೆವು. ಹದಿನೈದು ಉಳಿದವು. ಕೊನೆಯ ಮೂರು ದಿನ ಹೊರಳಿಸಬಾರದು. ಆಗ ಎಲ್ಲವನ್ನೂ ಒಂದಕ್ಕೊಂದು ತಾಗಿಸಿ ಇಟ್ಟೆವು, ಗುರುತಿನ ಮೂರನ್ನು ಉಳಿದವುಗಳ ನಡುವೆ ಸೇರಿಸಿ. ನಾಲ್ಕನೆಯದಕ್ಕೆ ಜಾಗ ಸಾಲಲಿಲ್ಲ. ನೀರಿನ ಬಟ್ಟಲಿನ ಆಚೆ, ಮೂಲೆಯಲ್ಲಿ ಇಟ್ಟೆವು.

ಹದಿನೆಂಟನೆಯ ದಿನ ಗುರುವಾರ ಬಂತು. ಪುಣೆಯಲ್ಲಿ ಇರುವವರಿಗೆ ಗುರುವಾರ ಅಂದರೆ ಬಿಡಿಸಿ ಹೇಳಬೇಕಿಲ್ಲ, ಲೈನ್ ದುರಸ್ತಿಗೆ ಅಂತ ಕರೆಂಟ್ ತೆಗೆಯುವ ದಿನ. ಹತ್ತು ಗಂಟೆಗೆ ಕರೆಂಟ್ ಹೋಯಿತು. ನನ್ನ ಜೀವ ಬಾಯಿಗೆ ಬಂತು. ಬಿಸಿನೀರು ಬಾಟಲಿಗೆ ತುಂಬಿ ಡಬ್ಬದ ಎರಡೂ ಬದಿಗೆ ಒತ್ತಿ, ಮೇಲೆ ನಮ್ಮವ್ವ ಹೊಲಿದ ಕೌದಿ ಹೊದಿಸಿದೆ. ಥರ್ಮಾಮೀಟರು 35ಕ್ಕೆ ಇಳಿದು ಅಲ್ಲಿಯೇ ನಿಂತಿತು.

ಫ್ಯಾನು ನಿಂತು ಮನೆಯೆಲ್ಲ ನಿಶ್ಶಬ್ದ. ಕೌದಿ ಸರಿ ಮಾಡುತ್ತಿದ್ದ ಮಗಳು ಸಟ್ಟನೆ ನನ್ನ ಕೈ ಹಿಡಿದಳು. "ಅವ್ವಾ, ಕೇಳು."

ಡಬ್ಬಕ್ಕೆ ಕಿವಿ ಇಟ್ಟೆ. ಟಿಕ್. ಟಿಕ್ ಟಿಕ್. ಉಗುರಿನಿಂದ ಉಗುರು ಚಿಟಿಕಿಸಿದಷ್ಟು ಸಣ್ಣ ಸದ್ದು. ಒಂದು ಕಡೆಯಿಂದಲ್ಲ, ಐದಾರು ಕಡೆಯಿಂದ, ಒಂದರ ಮೇಲೊಂದು. ಚಿಪ್ಪಿನಲ್ಲಿ ಒಂದು ಬಿರುಕೂ ಇರಲಿಲ್ಲ. ಇಷ್ಟು ಹೊತ್ತೂ ಫ್ಯಾನಿನ ಗುಂಯ್‌ಗುಡುವಿಕೆ ಇದನ್ನು ಮುಚ್ಚಿತ್ತು.

ಇದನ್ನೇ 1960ರ ದಶಕದಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಮಾರ್ಗರೆಟ್ ವಿನ್ಸ್ ಎಂಬ ವಿಜ್ಞಾನಿ ಕಿವಿಗೊಟ್ಟು ಕೇಳಿದ್ದರು. ಮರಿ ಚಿಪ್ಪಿನೊಳಗೇ ಉಸಿರಾಡಲು ಶುರು ಮಾಡಿದ ಮೇಲೆ, ಆ ಉಸಿರಿನ ಜೊತೆ ಈ ಟಿಕ್ ಸದ್ದು ಬರುತ್ತದೆ. ಒತ್ತಿಕೊಂಡಿರುವ ಪಕ್ಕದ ತತ್ತಿಗೆ ಅದು ಮುಟ್ಟುತ್ತದೆ. ಹಿಂದೆ ಬಿದ್ದ ಮರಿ ಅವಸರ ಮಾಡುತ್ತದೆ. ತಡವಾಗಿ ಕಾವಿಗೆ ಇಟ್ಟ ತತ್ತಿಯೂ ಜೊತೆಯವುಗಳ ಸಮಕ್ಕೆ ಬರುವುದನ್ನು ಅವರು ತೋರಿಸಿದರು. ತಾಗದೆ ದೂರ ಇಟ್ಟರೆ ಹಾಗಾಗುವುದಿಲ್ಲ. ಕಾಡಿನಲ್ಲಿ ಇದು ಜೀವದ ಪ್ರಶ್ನೆ. ಗೂಡು ಇರುವುದು ನೆಲದ ಮೇಲೆ. ಮರಿ ಒಣಗಿದ ಕೂಡಲೇ ತಾಯಿ ಎಲ್ಲವನ್ನೂ ಕರೆದುಕೊಂಡು ಹೊರಟುಬಿಡುತ್ತದೆ. ಹಿಂದೆ ಉಳಿದದ್ದು ಹಾವಿಗೋ ಮುಂಗುಸಿಗೋ ಸರಿ.

ಮೂರು ಗಂಟೆಗೆ ಕರೆಂಟ್ ಬಂತು. ರಾತ್ರಿ ಎರಡಕ್ಕೆ ಮೊದಲ ಮರಿ. ಚಿಪ್ಪಿನ ದಪ್ಪ ತುದಿಯನ್ನು ಡಬ್ಬಿಯ ಮುಚ್ಚಳದ ಹಾಗೆ ಸುತ್ತಲೂ ಕೊರೆದು, ಬೆನ್ನಿನಿಂದ ಒಂದು ಸಲ ನೂಕಿತು ಅಷ್ಟೇ. ಏಳು ಗಂಟೆಯ ಹೊತ್ತಿಗೆ ಹದಿಮೂರು. ಮಗಳು ಖಾಲಿ ಚಿಪ್ಪುಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದಳು. ಗುರುತಿನ ಮೂರೂ ಅದರಲ್ಲಿದ್ದವು! ಒಂದು ದಿನ ತಡವಾಗಿ ಕೂತವು ಜೊತೆಯವುಗಳ ಜೊತೆಗೇ ಬಂದಿದ್ದವು.

ಮೂಲೆಯ ಒಂಟಿ ತತ್ತಿ ಮಾತ್ರ ತನ್ನ ಲೆಕ್ಕಕ್ಕೆ ತಕ್ಕಂತೆ ಶುಕ್ರವಾರ ರಾತ್ರಿ ಒಡೆಯಿತು. ಭಾನುವಾರದವುಗಳಲ್ಲಿ ಒಂದು ಒಡೆಯಲೇ ಇಲ್ಲ. ನಾಲ್ಕು ತತ್ತಿಯಿಂದ ಏನೂ ಸಾಬೀತಾಗುವುದಿಲ್ಲ, ಗೊತ್ತು. ಆದರೂ ಆ ಒಂಟಿ ಮರಿಯನ್ನು ನೋಡಿ ನನ್ನ ಕಣ್ಣು ತುಂಬಿತು. ಅದಕ್ಕೆ ಯಾರ ಸದ್ದೂ ಮುಟ್ಟಿರಲಿಲ್ಲ.

ಏಳೆಂಟು ಗ್ರಾಂ ತೂಗುವ ಜೀವ. ಒಣಗಿದ ಮೇಲೆ ಹಳದಿ, ಬೆನ್ನಿನ ಮೇಲೆ ಕಂದು ಪಟ್ಟೆ. ಟವೆಲಿನ ಎಳೆಗೆ ಉಗುರು ಸಿಕ್ಕಿಸಿ ಎದ್ದು ನಿಂತಿತು. 1990ರ ಮಾರ್ಚ್ 22ರಂದು ಆಗಿನ ಸೋವಿಯತ್ ಒಕ್ಕೂಟದ ಮಿರ್ ಬಾಹ್ಯಾಕಾಶ ನಿಲ್ದಾಣದಲ್ಲೂ ಲಾವಕ್ಕಿ ಮರಿ ಹೊರಬಂದಿತ್ತು. ಅಲ್ಲಿ ತೂಕವೇ ಇಲ್ಲ, ಕಾಲೂರಲು ನೆಲ ಇಲ್ಲ. ಮೇವಿನ ಮುಂದೆ ನಿಲ್ಲಲೂ ಆಗದೆ ಅವು ತೇಲುತ್ತಿದ್ದವಂತೆ, ಬದುಕಲಿಲ್ಲ. ಮಗಳು ಇದನ್ನು ಓದಿ ಹೇಳಿದ್ದು ಅದೇ ರಾತ್ರಿ. ಆಮೇಲೆ ತುಂಬಾ ಹೊತ್ತು ಆ ಮರಿಯ ಕಾಲಿನ ಮೇಲಿಂದ ಕಣ್ಣು ತೆಗೆಯಲಿಲ್ಲ.

ಭಾನುವಾರ ಎಲ್ಲವನ್ನೂ ಶೆಡ್ಡಿಗೆ ಒಯ್ದೆವು. ಟಿಕ್ ಸದ್ದಿನ ಕಥೆ ಹೇಳಿದೆ. ಕಾಕಾ ನಂಬಿದರೋ ಇಲ್ಲವೋ, ತಲೆ ಆಡಿಸಿದರು. "ಒತ್ತಿ ಇಟ್ರ ಕೂಡೇ ಒಡೀತಾವ, ಅದು ನನಗೂ ಗೊತ್ತೈತಿ. ಯಾಕ ಅಂತ ಕೇಳಿದ್ದಿಲ್ಲ ನೋಡು" ಅಂದರು. ಆಮೇಲೆ ಎದ್ದು ದೊಡ್ಡ ಇನ್‌ಕ್ಯುಬೇಟರಿನ ಸ್ವಿಚ್ ಆರಿಸಿ, ಟವೆಲು ಹೆಗಲ ಮೇಲೆ ಸರಿಸಿ, ಕೆಳಗಿನ ಟ್ರೇಗೆ ಕಿವಿ ಇಟ್ಟು ಕೂತರು.