ಮುಚ್ಚಳಿಕೆ ಬೇಡ, ಮುಕ್ಕಾಲು ಗಂಟೆ ಕೂತು ಮಾತಾಡಿ

ಕ್ಲಾಸಿಗೆ ಚಕ್ಕರ್ ಹೊಡೆದು, ದೊಡ್ಡ ಹುಡುಗರ ಗುಂಪಿನ ಜೊತೆ ರಾತ್ರಿ ಹನ್ನೊಂದರ ತನಕ ಸುತ್ತುವ ಹದಿನೈದರ ಹುಡುಗ ಬೀಟ್ ಪೊಲೀಸರ ಕಣ್ಣಿಗೆ ಬಿದ್ದರೆ ಆಗುವುದೇನು? ಅಪ್ಪನನ್ನು ಕರೆಸುವುದು, ಎಲ್ಲರೆದುರು ಇಬ್ಬರನ್ನೂ ಬೈಯುವುದು, ಮುಚ್ಚಳಿಕೆ ಬರೆಸಿಕೊಂಡು ಕಳಿಸುವುದು. ಮನೆಯಲ್ಲಿ ಅವನಿಗೆ ಏಟು ಬೀಳುತ್ತದೆ. ಅಪ್ಪನ ಕಣ್ಣು ತಪ್ಪಿಸುವುದು ಹೇಗೆಂದು ಮಾತ್ರ ಅವನು ಕಲಿಯುತ್ತಾನೆ. ಇದರ ಬದಲು ಪೊಲೀಸರು ಹುಡುಗ, ಹೆತ್ತವರ ಜೊತೆ ಮುಕ್ಕಾಲು ಗಂಟೆ ಕೂತು ಮಾತಾಡಬೇಕು.

ಅಪರಾಧವೇ ನಡೆದಿದ್ದರೆ ದಾರಿ ಬೇರೆ. 2016ರ ಬಾಲ ನ್ಯಾಯ ಮಾದರಿ ನಿಯಮಗಳ 8ನೇ ನಿಯಮದಂತೆ, ಘೋರ ಅಪರಾಧವಲ್ಲದಿದ್ದರೆ, ವಯಸ್ಕರ ಜೊತೆ ಸೇರಿ ಮಾಡಿದ್ದೂ ಅಲ್ಲದಿದ್ದರೆ ಎಫ್‌ಐಆರ್ ಇಲ್ಲ. ಠಾಣಾ ದಿನಚರಿಯಲ್ಲಿ ನಮೂದಿಸಿ, ಸಾಮಾಜಿಕ ಹಿನ್ನೆಲೆ ವರದಿಯನ್ನು, ಮಕ್ಕಳ ಪ್ರಕರಣ ವಿಚಾರಿಸುವ ಬಾಲ ನ್ಯಾಯ ಮಂಡಳಿಗೆ ಕಳಿಸಬೇಕು. ಮಗುವಿನಿಂದ ಯಾವ ಹೇಳಿಕೆಗೂ ಸಹಿ ಹಾಕಿಸುವಂತಿಲ್ಲ. ಈ ಮುಕ್ಕಾಲು ಗಂಟೆಯ ಮಾತುಕತೆ ಇದಕ್ಕೆ ಬದಲಿಯಲ್ಲ.

ಕೆಲಸ ಕೆಡುವುದು ಹೆಚ್ಚಾಗಿ ಮೊದಲ ಫೋನಿನಲ್ಲೇ. ‘ಠಾಣೆಗೆ ಬನ್ನಿ’ ಎಂದಷ್ಟೇ ಹೇಳಿದರೆ ಅಪ್ಪ ಊರಿನ ಮುಖಂಡರನ್ನು ಜೊತೆಗೆ ಕರೆತರುತ್ತಾರೆ. ಆಮೇಲೆ ಅಲ್ಲಿ ನಡೆಯುವುದು ಪಂಚಾಯಿತಿಯೇ. ಕಾರಣ ಹೇಳಿ, ತಾಯಿಯೂ ಬರಲಿ ಎನ್ನಿ, ದಿನಗೂಲಿಯವರಾದರೆ ಸಂಜೆ ಆರರ ನಂತರ ಕರೆಯಿರಿ. ಠಾಣೆಯಲ್ಲಿ ಮಕ್ಕಳ ವಿಷಯ ನೋಡಿಕೊಳ್ಳುವ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ಸಮವಸ್ತ್ರದಲ್ಲಿ ಇರಬಾರದು. ಲಾಕಪ್ ಕಾಣುವ ಕಡೆ ಕೂರಿಸಲೇಬೇಡಿ.

ಮೊದಲ ಹತ್ತು ನಿಮಿಷ ಎಲ್ಲರೂ ಒಟ್ಟಿಗೆ: ಏನು ಕಂಡಿದ್ದೇವೆ, ಯಾಕೆ ಕರೆದಿದ್ದೇವೆ. ಕಂಡದ್ದನ್ನಷ್ಟೇ ಹೇಳಬೇಕು, ಊಹೆ ಬೇಡ. ನಂತರ ಹದಿನೈದು ನಿಮಿಷ ಹುಡುಗನೊಬ್ಬನೇ, ಸಾಧ್ಯವಾದರೆ ವಿಶೇಷ ಮಕ್ಕಳ ಪೊಲೀಸ್ ಘಟಕದ ಸಮಾಜ ಕಾರ್ಯಕರ್ತರ ಜೊತೆ. ಇಲ್ಲಿ ಅವನ ದಿನನಿತ್ಯದ ಮಾತು ಮಾತ್ರ. ಯಾವುದೋ ಘಟನೆಯ ಬಗ್ಗೆ ಕೆದಕಿದರೆ ಅದು ವಿಚಾರಣೆಯಾಗಿಬಿಡುತ್ತದೆ. ಘಟನೆಯ ಮಾತು ಹೆತ್ತವರು ಇರುವಾಗಲೇ ಆಗಲಿ. ‘ಯಾಕೆ ಹೀಗೆ ಮಾಡ್ತೀಯ’ ಎಂದರೆ ‘ಗೊತ್ತಿಲ್ಲ ಸರ್’ ಎಂಬ ಉತ್ತರ ಬಿಟ್ಟು ಬೇರೇನೂ ಬರುವುದಿಲ್ಲ. ‘ನಿನ್ನೆ ಸ್ಕೂಲ್ ಬಿಟ್ಟಮೇಲೆ ಎಲ್ಲಿಗೆ ಹೋದೆ, ಊಟ ಎಲ್ಲಿ ಮಾಡಿದೆ’ ಎಂದು ಕೇಳಿದರೆ ಬಾಯಿ ಬಿಡುತ್ತಾನೆ.

ಆಮೇಲೆ ಹೆತ್ತವರು ಮಾತ್ರ. ಅವರಿಗಿರುವ ದೊಡ್ಡ ಭಯ, ಮಗನ ಹೆಸರು ಠಾಣೆಯ ಪುಸ್ತಕ ಸೇರಿತೆಂಬುದು. ಬಾಲ ನ್ಯಾಯ ಕಾಯ್ದೆಯ 74ನೇ ಕಲಂ ಪ್ರಕಾರ, ಮುಗಿದ ಪ್ರಕರಣದ ದಾಖಲೆಯನ್ನು ನಡತೆ ಪ್ರಮಾಣಪತ್ರಕ್ಕಾಗಿ ಪೊಲೀಸರು ಬಹಿರಂಗಪಡಿಸುವಂತಿಲ್ಲ ಎಂದು ತಿಳಿಸಿದರೆ ಅರ್ಧ ಉದ್ವೇಗ ಇಳಿಯುತ್ತದೆ. ಮನೆಯಲ್ಲಿ ಬೈಕ್ ಇದ್ದರೆ ಮೋಟಾರು ವಾಹನ ಕಾಯ್ದೆಯ 199ಎ ಕಲಮನ್ನೂ ಹೇಳಬೇಕು. ಅಪ್ರಾಪ್ತರು ಓಡಿಸಿ ಅಪರಾಧವಾದರೆ ಪೋಷಕರಿಗೆ ಅಥವಾ ಮಾಲೀಕರಿಗೆ 3 ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ಹುಡುಗನಿಗೆ 25 ತುಂಬುವ ತನಕ ಲೈಸೆನ್ಸ್ ಇಲ್ಲ. ಬೆದರಿಕೆಯ ದನಿ ಬೇಡ, ಮಾಹಿತಿಯಾಗಿ ಹೇಳಿ.

ಕೊನೆಗೆ ಮತ್ತೆ ಎಲ್ಲರೂ ಕೂತು ಎರಡೇ ಎರಡು ಒಪ್ಪಂದ ಮಾಡಿಕೊಳ್ಳಬೇಕು. ‘ಒಳ್ಳೆಯವನಾಗಿರ್ತೀನಿ’ ಎಂಬುದನ್ನು ಯಾರೂ ಪರಿಶೀಲಿಸಲಾರರು. ರಾತ್ರಿ ಒಂಬತ್ತಕ್ಕೆ ಮನೆ, ಬೈಕಿನ ಕೀ ಅಮ್ಮನ ಹತ್ತಿರ, ಇವನ್ನು ಪರಿಶೀಲಿಸಬಹುದು.

ಮೈಮೇಲೆ ಬಾಸುಂಡೆ ಕಂಡರೆ, ಮನೆಯಲ್ಲೇ ಹಿಂಸೆ ಎಂದು ಹುಡುಗ ಹೇಳಿದರೆ, ಹೆತ್ತವರ ಜೊತೆಗಿನ ಮಾತು ಅಲ್ಲಿಗೇ ನಿಲ್ಲಬೇಕು. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ ಮಕ್ಕಳ ಕಲ್ಯಾಣ ಸಮಿತಿಗೆ ತಿಳಿಸಿ. ನಶೆಗಾಗಿ ಸಲ್ಯೂಷನ್ (ಪಂಕ್ಚರ್ ಅಂಟು), ವೈಟ್ನರ್ ಮೂಸುವವನಿಗೆ ಮೊದಲು ಬೇಕಾದದ್ದು ವೈದ್ಯರು.

ಏಳನೇ ದಿನಕ್ಕೊಂದು, ತಿಂಗಳಿಗೊಂದು ಫೋನ್ ಮಾಡುತ್ತೇವೆಂದು ಹೇಳಿ ಮಾಡದೇ ಹೋದರೆ ಅಷ್ಟೂ ಶ್ರಮ ನೀರುಪಾಲು. ಹೆತ್ತವರಿಗೆ ತಿಳಿಸಿಯೇ, ಆ ಫೋನಿನಲ್ಲಿ ಮೊದಲು ಹುಡುಗನ ಜೊತೆ ಮಾತಾಡಿ.