ಬರೀ ಅಂಟಿಸೋದು ತಾನೆ?

ಪ್ರಶ್ನೆ ಇದು: "ಕಡಿಮೆ ಖರ್ಚಿಗೆ ಯಾವ ವಿನೈಲ್ ಟೈಲ್ ಒಳ್ಳೇದು? ನಾವೇ ಹಾಕ್ಕೊಳ್ತೀವಿ." ನಾನು ಉತ್ತರ ಶುರು ಮಾಡುವ ಮೊದಲೇ ಅದಕ್ಕೊಂದು ಬಾಲ ಸೇರುತ್ತದೆ. "ಬರೀ ಅಂಟಿಸೋದು ತಾನೆ?"

ಅಡುಗೆಮನೆಯ ನೆಲವನ್ನು ನಾನೇ ಕೈಯಾರೆ ಮಾಡಿದೆ ಅಂತ ಗೊತ್ತಾದಾಗಿನಿಂದ ಈ ಪ್ರಶ್ನೆ ನನ್ನ ಬೆನ್ನು ಬಿಟ್ಟಿಲ್ಲ. ಫೋನಿನಲ್ಲಿ ಕೇಳಿದ್ದಾರೆ, ಲಿಫ್ಟಿನಲ್ಲಿ ಕೇಳಿದ್ದಾರೆ. ಒಮ್ಮೆ ಹಲ್ಲಿನ ಡಾಕ್ಟರು, ನನ್ನ ಬಾಯೊಳಗೆ ಎರಡು ಸಲಕರಣೆ ಇಟ್ಟುಕೊಂಡೇ ಕೇಳಿದರು. ಇನ್ನು ಬಾಯಲ್ಲಿ ಹೇಳುವುದಿಲ್ಲ. ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಮೊದಲು ನೇರ ಉತ್ತರ, ಅವಸರದವರಿಗೆ. ವಿನೈಲ್ ಅಂದರೆ ಒಂದು ಬಗೆಯ ಪ್ಲಾಸ್ಟಿಕ್. ಅತಿ ಅಗ್ಗದ್ದು ಹಿಂದೆ ಅಂಟು ಬಳಿದು ಬರುವ ಟೈಲ್. ಕಾಗದ ಸುಲಿದು ಒತ್ತುವುದು. ಸಾಮಾನ್ಯವಾಗಿ ಒಂದಡಿ ಚೌಕ, ದಪ್ಪ ಒಂದೆರಡು ಮಿಲಿಮೀಟರ್. ಅದಕ್ಕಿಂತ ಜಾಸ್ತಿ ದುಡ್ಡು ಹಾಕುವುದಾದರೆ ಒಂದಕ್ಕೊಂದು ಕೊಂಡಿ ಸಿಕ್ಕಿಸುವ ಹಲಗೆಗಳು. ಅವುಗಳಲ್ಲಿ ಎಸ್‌ಪಿಸಿ ಅಂತ ಬರೆದಿದ್ದರೆ ನಡುವಿನ ಪದರ ಸುಣ್ಣಕಲ್ಲಿನ ಪುಡಿ ಬೆರೆಸಿದ ಪ್ಲಾಸ್ಟಿಕ್. ಇವಕ್ಕೆ ಅಂಟು ಬೇಡ, ನೆಲದ ಮೇಲೆ ಸುಮ್ನೆ ಕೂತಿರುತ್ತವೆ. ಹಿಗ್ಗುವುದಕ್ಕೆ ಗೋಡೆಯ ಪಕ್ಕ ಸುಮಾರು 6 ಮಿಲಿಮೀಟರ್ ಜಾಗ ಬಿಡಬೇಕು. ಮರೆತರೆ ಬೇಸಿಗೆಯಲ್ಲಿ ನಡುಮನೆ ಗುಡ್ಡವಾಗುತ್ತದೆ.

ಇನ್ನೊಂದು ವಿಷಯ, ಇದರಲ್ಲಿ ಎಲ್ಲರೂ ಬೀಳುತ್ತಾರೆ. ಪೆಟ್ಟಿಗೆಯ ಮೇಲೆ '20 ಮಿಲ್' ಅಂತ ಇರುತ್ತದೆ. ಅದು ಮಿಲಿಮೀಟರ್ ಅಲ್ಲ ಮಹರಾಯರೇ! ಮಿಲ್ ಅಂದರೆ ಅಂಗುಲದ ಸಾವಿರದಲ್ಲಿ ಒಂದು ಪಾಲು. ಅದು ಟೈಲಿನ ದಪ್ಪವನ್ನೂ ಹೇಳುತ್ತಿಲ್ಲ, ಮೇಲಿನ ಪಾರದರ್ಶಕ ಪದರದ ದಪ್ಪವನ್ನು ಹೇಳುತ್ತಿದೆ. ಟೈಲಿನ ಮರದ ಗೆರೆ, ಕಲ್ಲಿನ ಮಚ್ಚೆ ಎಲ್ಲ ಅಚ್ಚು ಹಾಕಿದ ಚಿತ್ರ. ಆ ಚಿತ್ರವನ್ನು ಕಾಯುವುದು ಈ ಪದರ. 20 ಮಿಲ್ ಅಂದರೆ ಅರ್ಧ ಮಿಲಿಮೀಟರ್. 6 ಮಿಲ್ ಇದ್ದರೆ ಯಾರೂ ಓಡಾಡದ ಕೋಣೆಗೆ ಸಾಕು. ಅಡುಗೆಮನೆಗೆ 12ಕ್ಕಿಂತ ಕೆಳಗೆ ನಾನಂತೂ ಇಳಿಯುವುದಿಲ್ಲ.

ಆಯಿತು, ಉತ್ತರ ಸಿಕ್ಕಿತಲ್ಲ. ಈಗ ಆ ಬಾಲದ ವಿಚಾರ.

'ಬರೀ ಅಂಟಿಸೋದು' ಅಂದರೆ ಅಂಚೆಚೀಟಿಯೇನು? ಅಂಚೆಚೀಟಿ ಅಂಟಿಸಿ ಡಬ್ಬಿಗೆ ಹಾಕಿದರೆ ಮುಗಿಯಿತು. ಅದರ ಮೇಲೆ ಹತ್ತು ವರ್ಷ ಯಾರೂ ಕುರ್ಚಿ ಎಳೆಯುವುದಿಲ್ಲ.

ಸರಿ, ಒಪ್ಪಿಕೊಂಡುಬಿಡುತ್ತೇನೆ. ಈ ಮಾತು ನನಗೆ ಇಷ್ಟು ಚುಚ್ಚುವುದಕ್ಕೆ ಕಾರಣ, ಮೊದಲ ಸಲ ನಾನೂ ಅದನ್ನೇ ಅಂದಿದ್ದೆ. ನೆಲದಲ್ಲಿ ಹಳೆಯ ಸೆರಾಮಿಕ್ ಟೈಲ್ ಇತ್ತು. ಒದ್ದೆ ಬಟ್ಟೆಯಲ್ಲಿ ಒರೆಸಿ, ಒಂದು ಭಾನುವಾರ ಅದರ ಮೇಲೇ ಅಂಟಿಸಿಬಿಟ್ಟೆ. ಸಂಜೆಗೆ ನೆಲ ಹೊಳೆಯುತ್ತಿತ್ತು. ಫೋಟೋ ತೆಗೆದು ಎಲ್ಲರಿಗೂ ಕಳಿಸಿದೆ. ಈ ಪ್ರಶ್ನೆಗಳೆಲ್ಲ ಹುಟ್ಟಿದ್ದು ಆ ಫೋಟೋದಿಂದಲೇ, ತಪ್ಪು ನನ್ನದೇ.

ಎರಡು ತಿಂಗಳಾಗಿತ್ತು. ಕಿಟಕಿಯಿಂದ ಇಳಿಬಿಸಿಲು ಬಿದ್ದಾಗ ಏನೋ ಕಂಡಿತು. ಹಳೆಯ ಟೈಲುಗಳ ಸಂದು ಇತ್ತಲ್ಲ, ಆ ಗೆರೆಗಳು ಹೊಸ ಟೈಲಿನ ಮೈಮೇಲೆ ಒಂದೊಂದಾಗಿ ಮೂಡುತ್ತಿದ್ದವು. ವಿನೈಲ್ ಮೆತ್ತಗಿನ ವಸ್ತು, ಕೆಳಗಿನ ತಗ್ಗಿಗೆ ನಿಧಾನವಾಗಿ ಇಳಿಯುತ್ತದೆ. ಸಿಂಕಿನ ಹತ್ತಿರ ಮೂಲೆಗಳು ಎದ್ದು ನಿಂತವು. ಒಲೆಯ ಮುಂದೆ ಒಂದು ಮರಳಿನ ಕಾಳು ಅಡಿಯಲ್ಲಿ ಉಳಿದುಬಿಟ್ಟಿತ್ತು. ಒಂದೇ ಕಾಳು. ದಿನಾ ಬೆಳಿಗ್ಗೆ ನನ್ನ ಹೆಬ್ಬೆರಳು ಅದನ್ನು ಹುಡುಕಿಕೊಂಡು ಹೋಗುತ್ತಿತ್ತು. ಮನೆಗೆ ಬಂದವರೊಬ್ಬರು ಬಗ್ಗಿ ನೋಡಿ, "ಉಬ್ಬು ಡಿಸೈನಾ? ಚೆನ್ನಾಗಿದೆ!" ಅಂದರು. ನಾನು ಹೌದು ಅಂದೆ. ಇನ್ನೇನು ಅನ್ನಲಿ?

ಕಿತ್ತೆ. ಕೂದಲು ಒಣಗಿಸುವ ಯಂತ್ರದಿಂದ ಟೈಲ್ ಬಿಸಿ ಮಾಡಿದರೆ ಅಂಟು ಸಡಿಲವಾಗಿ ಟೈಲ್ ಏಳುತ್ತದೆ. ಅಂಟು ಮಾತ್ರ ನೆಲದಲ್ಲೇ ಉಳಿಯುತ್ತದೆ. ಆ ವಾರ ನಾನು ಎರಡು ಜೊತೆ ಕಾಲುಚೀಲ ಕಳೆದುಕೊಂಡೆ.

ಎರಡನೇ ಸಲ ಮೂರು ದಿನ ನೆಲಕ್ಕೇ ಹೋಯಿತು. ಅಂಟು ಕೆರೆದೆ, ಸಂದುಗಳನ್ನೆಲ್ಲ ತುಂಬಿದೆ, ಒಣಗಲು ಬಿಟ್ಟೆ, ಉಜ್ಜಿದೆ, ಪ್ರೈಮರ್ ಹೊಡೆದೆ. ಟೈಲ್ ಹಾಕಿದ್ದು ಒಂದೇ ಮಧ್ಯಾಹ್ನ. ಹಲ್ಲಿನ ಡಾಕ್ಟರು ನನ್ನ ಬಾಯಿ ಬಿಡುಗಡೆ ಮಾಡಿದ ಮೇಲೆ ಕೇಳಿದೆ: "ಡಾಕ್ಟ್ರೇ, ನೀವು ಹುಳುಕು ಕೆರೆಯದೆ ಸಿಮೆಂಟ್ ತುಂಬ್ತೀರಾ?" ಆಮೇಲೆ ಅವರು ಟೈಲ್ ಮಾತೆತ್ತಲಿಲ್ಲ.

ನನ್ನನ್ನು ಸರಿಯಾದ ಪ್ರಶ್ನೆ ಕೇಳಿದವರು ಒಬ್ಬರೇ. ನಲ್ಲಿ ರಿಪೇರಿಗೆ ಬಂದವರು. ಮಂಡಿಯೂರಿ ಕೂತು, ಬೆರಳಿನ ಗೆಣ್ಣಿನಿಂದ ನೆಲ ಕುಟ್ಟಿ, "ಕೆಳಗೆ ಏನಿದೆ?" ಅಂದರು. ಅಷ್ಟೇ. ನನಗೆ ಕಣ್ಣು ತುಂಬಿ ಬಂತು ಅಂದರೆ ನಗಬೇಡಿ. ಅರ್ಧ ಗಂಟೆ ಹೇಳಿದೆ. ನಲ್ಲಿ ತೊಟ್ಟಿಕ್ಕುತ್ತಲೇ ಇತ್ತು.

ಅವರಿಗೆ ಹೇಳಿದ್ದರಲ್ಲಿ ಮುಖ್ಯವಾದದ್ದು ಇಷ್ಟು. ಹತ್ತು ಅಡಿ ಉದ್ದದಲ್ಲಿ 3/16 ಅಂಗುಲ, ಅಂದರೆ ಸುಮಾರು 5 ಮಿಲಿಮೀಟರ್‌ಗಿಂತ ಜಾಸ್ತಿ ಏರುಪೇರು ಇರಬಾರದು ಅಂತ ಬಹಳ ಕಂಪನಿಗಳು ಹೇಳುತ್ತವೆ. ನೇರವಾದ ಉದ್ದದ ಕೋಲಿಟ್ಟು ಕೆಳಗೆ ಬೆಳಕು ತೂರುತ್ತದಾ ನೋಡಿ. ಕಾಂಕ್ರೀಟ್ ಆಗಿದ್ದರೆ ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಟೇಪ್ ಹಚ್ಚಿ ಒಂದು ದಿನ ಬಿಡಿ. ಎತ್ತಿದಾಗ ಅಡಿಯಲ್ಲಿ ಹನಿ ಕಂಡರೆ, ಅಥವಾ ಕಾಂಕ್ರೀಟ್ ಕಪ್ಪಗಾಗಿದ್ದರೆ, ನೀರು ಕೆಳಗಿನಿಂದ ಬರುತ್ತಿದೆ. ಅದನ್ನು ಸರಿಮಾಡದೆ ಟೈಲ್ ತರಲೇಬೇಡಿ.

ಒಂದು ಕಡೆ ಮಾತ್ರ ನನ್ನ ಕೆರೆಯುವ ಉತ್ಸಾಹ ನಿಮಗೆ ಬೇಡ. ತುಂಬಾ ಹಳೆಯ ಮನೆ, ನೆಲದಲ್ಲಿ 9 ಅಂಗುಲ ಚೌಕದ ಹಳೇ ಟೈಲ್, ಅದರಡಿ ಕಪ್ಪು ಅಂಟು ಕಂಡರೆ ಕೈ ತೆಗೆಯಿರಿ. ಅದರಲ್ಲಿ ಕಲ್ನಾರು, ಅಂದರೆ ಆಸ್ಬೆಸ್ಟಾಸ್, ಇರಬಹುದು. ಉಜ್ಜಿದರೆ ಅದರ ಧೂಳು ಶ್ವಾಸಕೋಶಕ್ಕೆ ಹೋಗುತ್ತದೆ. ಮೊದಲು ಪರೀಕ್ಷೆ ಮಾಡಿಸಿ.

ಉಳಿದದ್ದು ಬೇಗ ಹೇಳಿಬಿಡುತ್ತೇನೆ. ಲೆಕ್ಕಕ್ಕಿಂತ ಹತ್ತನೇ ಒಂದು ಪಾಲು ಜಾಸ್ತಿ ತನ್ನಿ, ಎಲ್ಲ ಪೆಟ್ಟಿಗೆಯ ಬ್ಯಾಚ್ ನಂಬರ್ ಒಂದೇ ಇರಲಿ. ಹಾಕುವ ಮುಂಚೆ 48 ಗಂಟೆ ಅದೇ ಕೋಣೆಯಲ್ಲಿ ಇಟ್ಟಿರಿ. ಗೋಡೆಯಿಂದ ಶುರು ಮಾಡಬೇಡಿ, ಯಾವ ಗೋಡೆಯೂ ನೇರ ಇರುವುದಿಲ್ಲ. ಕೋಣೆಯ ನಡುವೆ ಸುಣ್ಣ ಹಚ್ಚಿದ ದಾರದಿಂದ ಗೆರೆ ಹೊಡೆದು, ಕಾಗದ ಸುಲಿಯದೆ ಒಂದು ಸಲ ಜೋಡಿಸಿ ನೋಡಿ. ಅಂಚಿಗೆ ಬರುವ ತುಂಡು ಅರ್ಧಕ್ಕಿಂತ ಸಣ್ಣದಾದರೆ ಗೆರೆಯನ್ನು ಅರ್ಧ ಟೈಲ್ ಸರಿಸಿ. ಮುಗಿದ ಮೇಲೆ ರಬ್ಬರ್ ತಳದ ಮ್ಯಾಟ್ ಹಾಸಬೇಡಿ, ಹಳದಿ ಕಲೆ ಬೀಳುತ್ತದೆ. ಆ ಕಲೆ ಒರೆಸಿದರೆ ಹೋಗುವಂಥದ್ದಲ್ಲ.

"ಎಷ್ಟು ಉಳೀತು?" ಅಂತಲೂ ಕೇಳುತ್ತಾರೆ. ಮೊದಲ ಸಲದ ಟೈಲ್ ಲೆಕ್ಕಕ್ಕೆ ಸೇರಿಸಬೇಕಾ, ಬೇಡವಾ? ಸೇರಿಸದಿದ್ದರೆ ಚೆನ್ನಾಗೇ ಉಳಿದಿದೆ.

ಇನ್ನೊಂದು. ಟೈಲಿನ ಹಿಂದೆ ಒಂದು ಬಾಣದ ಗುರುತು ಇರುತ್ತದೆ, ಯಾವ ದಿಕ್ಕಿಗೆ ಹಾಕಬೇಕು ಅಂತ. ಎರಡನೇ ಸಲವೂ ಒಂದರಲ್ಲಿ ಅದನ್ನು ನೋಡಲಿಲ್ಲ. ಆ ಟೈಲ್ ಫ್ರಿಜ್ ಕೆಳಗಿದೆ. ನಮ್ಮ ಮನೆಗೆ ಬಂದರೆ ಫ್ರಿಜ್ ಸರಿಸಬೇಡಿ.